ಸ್ಪ್ಲಿಟ್‌ನಲ್ಲಿ ಹೈದುಕ್ ಕಟ್ಟಿದವರ ಜಾಡು: ಹೋಗುವವರಿಗೆ ಕೆಲವು ಮಾತು

ಕ್ರೊಯೇಷಿಯಾದ ಸ್ಪ್ಲಿಟ್ ನಗರಕ್ಕೆ ಹೋಗುವ ಹೆಚ್ಚಿನವರು ರೋಮನ್ ಚಕ್ರವರ್ತಿ ಡಯೊಕ್ಲೀಷಿಯನ್‌ನ ಅರಮನೆಯನ್ನು ನೋಡಿ ದ್ವೀಪಗಳ ಕಡೆಗೆ ಹೊರಟುಬಿಡುತ್ತಾರೆ. ಫುಟ್‌ಬಾಲ್ ಪ್ರಿಯರಾದರೆ ಪೋಲ್ಯುದ್ ಕ್ರೀಡಾಂಗಣಕ್ಕೊಮ್ಮೆ ಹೋಗಿಬರುತ್ತಾರೆ. ಆದರೆ ಹೈದುಕ್ ಎಂಬ ಇಲ್ಲಿನ ಫುಟ್‌ಬಾಲ್ ಕ್ಲಬ್ಬನ್ನು ಕಟ್ಟಿದ ಮೊದಲ ತಲೆಮಾರಿನವರನ್ನು, ಅದರಲ್ಲೂ ಕಾಲಿತೆರ್ನಾ ಸಹೋದರರನ್ನು ಅರಿಯಬೇಕೆಂದರೆ ಹಳೆಯ ಮೈದಾನದಿಂದ ಹೊರಟು ಮಾರ್ಯಾನ್ ಗುಡ್ಡದ ಪಶ್ಚಿಮದ ತುದಿಯವರೆಗೆ ನಡೆಯುವುದೇ ಸರಿಯಾದ ದಾರಿ ಎಂಬುದು ನನ್ನ ಅನುಭವ.

ಕಥೆ ಆರಂಭವಾಗುವುದು ಸ್ಪ್ಲಿಟ್‌ನಲ್ಲಲ್ಲ, ಪ್ರಾಗ್‌ನಲ್ಲಿ. ಅಲ್ಲಿ ಓದುತ್ತಿದ್ದ ಸ್ಪ್ಲಿಟ್‌ನ ಫಾಬ್ಯಾನ್ ಕಾಲಿತೆರ್ನಾ, ಲೂಸಿಯಾನ್ ಸ್ಟೆಲ್ಲಾ, ಇವಾನ್ ಶಾಕಿಚ್ ಮುಂತಾದ ವಿದ್ಯಾರ್ಥಿಗಳು ಸ್ಪಾರ್ತಾ ಮತ್ತು ಸ್ಲಾವಿಯಾ ತಂಡಗಳ ಪಂದ್ಯ ನೋಡಿದ ಮೇಲೆ ‘ಉ ಫ್ಲೇಕು’ ಎಂಬ ಹಳೆಯ ಬಿಯರ್ ಮನೆಯಲ್ಲಿ ಕುಳಿತು ತಮ್ಮೂರಿಗೂ ಒಂದು ಕ್ಲಬ್ ಬೇಕೆಂದು ನಿಶ್ಚಯಿಸಿದರು. 1911ರ ಫೆಬ್ರವರಿ 13ನ್ನು ಕ್ಲಬ್ಬಿನ ಹುಟ್ಟುದಿನವೆಂದು ಆಚರಿಸುತ್ತಾರೆ. ಕ್ರೂನೊ ಕೊಲೊಂಬಾತೊವಿಚ್ ಮೊದಲ ಅಧ್ಯಕ್ಷರಾದರು. ನಿಮ್ಮ ಪ್ರವಾಸದಲ್ಲಿ ಪ್ರಾಗ್ ಕೂಡ ಇದ್ದರೆ, 1499ರಿಂದ ನಡೆದುಬಂದಿರುವ ಆ ಬಿಯರ್ ಮನೆಯನ್ನು ಮೊದಲು ನೋಡಿ ಸ್ಪ್ಲಿಟ್‌ಗೆ ಬರುವುದು ಲೇಸು.

ಕ್ರೊಯೇಷಿಯಾ 2023ರ ಜನವರಿ 1ರಿಂದ ಯೂರೋ ಬಳಸುತ್ತಿದೆ; ಅಂದಿನಿಂದಲೇ ಷೆಂಗೆನ್ ವಲಯದಲ್ಲಿ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟದಲ್ಲಿ, ಇರುವುದರಿಂದ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಜರ್ಮನಿಯಂತಹ ದೇಶಗಳಲ್ಲಿ ವಾಸಕ್ಕೆ ಪರವಾನಗಿ ಪಡೆದಿರುವ ಕನ್ನಡಿಗರಿಗೆ ಬೇರೆ ವೀಸಾದ ಅಗತ್ಯವಿಲ್ಲ. ಸ್ಪ್ಲಿಟ್‌ನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣ ಮತ್ತು ಬಂದರು ಒಂದರ ಪಕ್ಕದಲ್ಲೊಂದು ಇವೆ. ಹತ್ತಿರದಲ್ಲೇ ಕೋಣೆ ಹಿಡಿದರೆ ಉಳಿದದ್ದೆಲ್ಲ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ.

ಹಳೆಯ ಮೈದಾನಕ್ಕೆ ಊರಿನವರು ‘ಸ್ತಾರಿ ಪ್ಲಾತ್ಸ್’ ಎನ್ನುತ್ತಾರೆ. ಆಸ್ಟ್ರಿಯಾ-ಹಂಗೆರಿ ಸೈನ್ಯದ ಕವಾಯತಿನ ಬಯಲಾಗಿದ್ದ ಈ ಜಾಗದಲ್ಲಿ 1911ರ ಜೂನ್ 11ರಂದು ಹೈದುಕ್ ತನ್ನ ಮೊದಲ ಪಂದ್ಯವನ್ನಾಡಿ ಕಾಲ್ಚೊ ಸ್ಪಲಾತೊ ತಂಡವನ್ನು 9-0ರಿಂದ ಸೋಲಿಸಿತು. ಮೊದಲ ಗೋಲು ಶೀಮೆ ರೌನಿಗ್ ಅವರ ಮೊಣಕಾಲಿಗೆ ತಗುಲಿ ಒಳಗೆ ಹೋಯಿತೆಂದು ಹೇಳುತ್ತಾರೆ; ಇತಿಹಾಸಕ್ಕೆ ಅಷ್ಟು ಸಾಕು! ಇಂದು ಅಲ್ಲಿ ರಗ್ಬಿ ಆಡುತ್ತಾರೆ. ಫುಟ್‌ಬಾಲ್ ಗೋಲಿನ ಚೌಕಟ್ಟನ್ನು ಹುಡುಕುವ ಕಣ್ಣಿಗೆ ಎರಡು ಎತ್ತರದ ಕಂಬಗಳೂ ನಡುವೆ ಒಂದು ಅಡ್ಡಪಟ್ಟಿಯೂ ಕಾಣುವಾಗ ಮೊದಲಿಗೆ ನಿರಾಸೆಯಾದೀತು. ಆದರೆ ಫಾಬ್ಯಾನರ ತಮ್ಮ ಲೂಕಾ ಗೋಲ್‌ಕೀಪರ್ ಆಗಿ ಆಡಿದ್ದೂ, ಆಮೇಲೆ ಊರಿನವರ ಬಾಯಲ್ಲಿ ‘ಬಾರ್ಬಾ ಲೂಕಾ’ (ಲೂಕಾ ಚಿಕ್ಕಪ್ಪ) ಆಗಿ, ತರಬೇತುದಾರರಾಗಿ 1927ರಲ್ಲಿ ತಂಡಕ್ಕೆ ಮೊದಲ ಯುಗೊಸ್ಲಾವ್ ಲೀಗ್ ಪ್ರಶಸ್ತಿಯನ್ನು ಗಳಿಸಿಕೊಟ್ಟದ್ದೂ ಈ ಮೈದಾನದ ಕಾಲದಲ್ಲೇ.

ಅಲ್ಲಿಂದ ಸ್ವಲ್ಪ ದೂರ ನಡೆದರೆ ಹೈದುಕ್‌ನ ಈಗಿನ ಮೈದಾನ ಪೋಲ್ಯುದ್ ಸಿಗುತ್ತದೆ. ಬೋರಿಸ್ ಮಾಗಾಶ್ ವಿನ್ಯಾಸಗೊಳಿಸಿದ, ಚಿಪ್ಪಿನಂತೆ ಬಾಗಿದ ಚಾವಣಿಯ ಈ ಕ್ರೀಡಾಂಗಣ 1979ರ ಮೆಡಿಟರೇನಿಯನ್ ಕ್ರೀಡಾಕೂಟಕ್ಕಾಗಿ ಸಿದ್ಧವಾಯಿತು. ಪಂದ್ಯಕ್ಕೆ ಹೋಗುವುದಾದರೆ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಹೈದುಕ್‌ನ ಕಡು ಎದುರಾಳಿಯಾದ ಜಾಗ್ರೆಬ್‌ನ ದಿನಾಮೊ ತಂಡದ ನೀಲಿ ಅಂಗಿಯನ್ನಂತೂ ಕೋಣೆಯಲ್ಲೇ ಬಿಟ್ಟುಬನ್ನಿ. 1950ರಲ್ಲಿ ಹುಟ್ಟಿದ ‘ತೋರ್ಸಿದಾ’ ಅಭಿಮಾನಿ ಬಳಗ ಕೂರುವ ಉತ್ತರದ ಗ್ಯಾಲರಿಯಲ್ಲಿ ಮಕ್ಕಳೊಂದಿಗೆ ಕುಳಿತುಕೊಳ್ಳಬೇಡಿ.

ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಕೊನೆಯ ನಡಿಗೆ. ಫಾಬ್ಯಾನ್ ಮುಂದೆ ವಾಸ್ತುಶಿಲ್ಪಿಯಾದರು. ಮಾರ್ಯಾನ್‌ನ ಪಶ್ಚಿಮದ ತುದಿಯಲ್ಲಿ 1930ರ ದಶಕದ ಆರಂಭದಲ್ಲಿ ಎದ್ದ ಸಮುದ್ರ ವಿಜ್ಞಾನ ಸಂಸ್ಥೆಯ ಕಟ್ಟಡ ಅವರ ವಿನ್ಯಾಸ. ರೀವಾ ಎಂಬ ಕಡಲದಂಡೆಯ ಹಾದಿಯಿಂದ ಹೊರಟು, ಶಿಲ್ಪಿ ಮೆಶ್ತ್ರೋವಿಚ್ ಅವರ ಗ್ಯಾಲರಿಯನ್ನೂ ಕಾಶ್ಯುನಿ ಕಡಲತೀರವನ್ನೂ ದಾಟಿ ಹೋಗಬೇಕು. ಆ ಸಂಸ್ಥೆ ಇಂದಿಗೂ ಸಂಶೋಧನೆ ನಡೆಯುವ ಸ್ಥಳವಾದ್ದರಿಂದ ಹೊರಗಿನಿಂದಲೇ ನೋಡಿ ತೃಪ್ತಿಪಡಬೇಕು. ಜುಲೈ, ಆಗಸ್ಟ್ ತಿಂಗಳುಗಳ ಬಿಸಿಲು ಕಡುವಾದದ್ದು. ಮೇ ಅಥವಾ ಸೆಪ್ಟೆಂಬರ್ ಆದರೆ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಹಿಂದಿರುಗಬಹುದು.

ಇನ್ನೊಂದು ದಿನ ಕೈಯಲ್ಲಿದ್ದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋಗಿದ್ದ ಕ್ಲಬ್ 1944ರ ಮೇ 7ರಂದು ಮತ್ತೆ ಜೀವ ಪಡೆದ ವಿಸ್ ದ್ವೀಪಕ್ಕೆ ಹಡಗು ಹತ್ತಿ. ಪ್ರಯಾಣಕ್ಕೆ ಎರಡು ಗಂಟೆಗೂ ಹೆಚ್ಚು ಹಿಡಿಯುವುದರಿಂದ ಹಿಂದಿರುಗುವ ಹಡಗಿನ ವೇಳೆಯನ್ನು ಹೊರಡುವ ಮೊದಲೇ ಬಂದರಿನಲ್ಲಿ ವಿಚಾರಿಸಿಕೊಳ್ಳಿ.