ಹೊಸ ಲ್ಯಾಪ್‌ಟಾಪಿಗೆ ಏನೇನು ಹಾಕುವುದು?

ಹೊಸ ಲ್ಯಾಪ್‌ಟಾಪ್ ಬಂದರೆ ನಾನು ಮೊದಲು ಹಾಕುವುದು ವಿಎಲ್‌ಸಿ. ಯಾವ ವಿಡಿಯೊ ಕೊಟ್ಟರೂ ಹೆಚ್ಚುಕಮ್ಮಿ ಓಡಿಸುತ್ತದೆ, ಕೋಡೆಕ್ (ವಿಡಿಯೊ ಬಿಚ್ಚಿ ತೋರಿಸುವ ಪುಟ್ಟ ಸಾಫ್ಟ್‌ವೇರ್) ಹುಡುಕುವ ರಗಳೆಯಿಲ್ಲ. ಪ್ಯಾರಿಸ್ ಕಡೆಯ ಕಾಲೇಜು ಹುಡುಗರು 1996ರಲ್ಲಿ ಶುರು ಮಾಡಿದ ಪ್ರಾಜೆಕ್ಟ್ ಅದು. ಇವತ್ತಿಗೂ ಒಂದು ಜಾಹೀರಾತಿಲ್ಲ!

ಜಿಪ್ ಫೈಲಿಗೆ 7-ಜಿಪ್. ನೋಡಲು ಚಂದವೇನಿಲ್ಲ, ಆದರೆ 'ಟ್ರಯಲ್ ಮುಗಿಯಿತು' ಅಂತ ಪೀಡಿಸುವುದಿಲ್ಲ. ಪತ್ರ, ಲೆಕ್ಕಕ್ಕೆ ಲಿಬ್ರೆಆಫೀಸ್ ಸಾಕು. 'ನುಡಿ' ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿದ್ದರೆ ಆ ಫಾಂಟೂ ಇರಲಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಚಿತ್ರವಿಚಿತ್ರ ಅಕ್ಷರಗಳು ಕಾಣುತ್ತವೆ.

'ಪಿಸಿ ಫಾಸ್ಟ್ ಮಾಡ್ತೀವಿ' ಅನ್ನುವ ಕ್ಲೀನರ್‌ಗಳನ್ನು ಮಾತ್ರ ಹತ್ತಿರ ಸೇರಿಸುವುದಿಲ್ಲ. ಸುಮ್ನೆ ನೆಕ್ಸ್ಟ್ ನೆಕ್ಸ್ಟ್ ಒತ್ತಿದರೆ ಕರೆಯದ ಟೂಲ್‌ಬಾರ್ ಕೂಡ ಬಂದು ಕೂರುತ್ತದೆ. ವಿಚಿತ್ರ ನೋಡಿ, ಕೆಲಸಕ್ಕೆ ಬರುವವು ಯಾವುವೂ ನನ್ನನ್ನು ಲೈಸೆನ್ಸ್ ಕೀ ಕೇಳಿಲ್ಲ. ಜಾಸ್ತಿ ಪಾಪ್‌ಅಪ್ ತೋರಿಸಿ ದುಡ್ಡು ಕೇಳಿದ್ದು ಈ ಕ್ಲೀನರ್‌ಗಳೇ.