ಚೆನ್ನಾದ ಕುದುರೆ ನನ್ನ ಕೈಯಲ್ಲಿ ಉಳಿಯುವುದಿಲ್ಲ

ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಖಾಸಗಿ ಲಾಯದಲ್ಲಿ ನಾನು ಐದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಸಂಬಳದ ಪುಸ್ತಕದಲ್ಲಿ ನನ್ನ ಹುದ್ದೆಯನ್ನು ‘ರೈಡಿಂಗ್ ಗ್ರೂಮ್’ ಎಂದು ಬರೆದಿದ್ದಾರೆ. ಲಾಯದ ಹಿರಿಯರ ಬಾಯಲ್ಲಿ ನಾನೊಬ್ಬ ಸೈಸ್, ಅಷ್ಟೆ. ಎರಡಕ್ಕೂ ವ್ಯತ್ಯಾಸವೇನೋ ಇದೆ. ಸೈಸ್ ಆದವರು ಕುದುರೆಗೆ ಮೇವು ಹಾಕಿ, ಲದ್ದಿ ಬಳಿದು, ಮೈ ಉಜ್ಜಿ, ಜೀನು ಬಿಗಿದು ಸವಾರರ ಕೈಗೆ ಲಗಾಮು ಕೊಡುತ್ತಾರೆ. ನಾನು ಅದೆಲ್ಲವನ್ನೂ ಮಾಡಿ, ಮಾಲೀಕರು ಬಾರದ ದಿನಗಳಲ್ಲಿ ಅದೇ ಕುದುರೆಯ ಮೇಲೆ ಕುಳಿತು ಅದಕ್ಕೆ ಪಾಠವನ್ನೂ ಹೇಳುತ್ತೇನೆ. ಇದರ ಜೊತೆಗೆ ಡ್ರೆಸಾಜ್, ಅಂದರೆ ಕುದುರೆಯ ನಡೆಯ ಲಯಕ್ಕೂ ಶಿಸ್ತಿಗೂ ಅಂಕ ಕೊಡುವ ಸ್ಪರ್ಧೆ, ಮತ್ತು ತಡೆಗಳನ್ನು ಹಾರಿಸುವ ಜಿಗಿತದ ಸ್ಪರ್ಧೆಗಳಲ್ಲಿ ಸ್ವತಃ ಭಾಗವಹಿಸಬೇಕೆಂಬ ಹಂಬಲ ನನಗಿದೆ. ಪಾಂಡವಪುರ ತಾಲ್ಲೂಕಿನ ಕಬ್ಬು ಬೆಳೆಯುವ ಮನೆಯಿಂದ ಬಂದವಳಿಗೆ ಈ ಹಂಬಲ ಹೇಗೆ ಅಂಟಿಕೊಂಡಿತೆಂದು ಕೇಳುವವರಿಗೆ ನಮ್ಮವ್ವ ತನ್ನದೇ ಉತ್ತರ ಕೊಡುತ್ತಾಳೆ: “ದನ ಹಿಡಿಯೋದು ಬ್ಯಾಡ ಅಂತ ಓದ್ಸುದ್ರೆ, ಕುದ್ರೆ ಹಿಡ್ಕಂಡು ನಿಂತವ್ಳೆ.”

ನಿಜ ಹೇಳಬೇಕೆಂದರೆ ಅದು ಅಂಟಿಕೊಂಡಿದ್ದು ದಸರೆಯಲ್ಲಿ. ಶಾಲೆಯಲ್ಲಿದ್ದಾಗ ಜಂಬೂಸವಾರಿ ನೋಡಲು ಬಂದು, ಅಂಬಾರಿ ಬರುವುದಕ್ಕೆ ಮೊದಲೇ ಸಾಗಿ ಹೋದ ಅಶ್ವಾರೋಹಿ ದಳದ ಒಂದು ಕುದುರೆಯನ್ನು ನಾನು ಗಮನಿಸಿದ್ದೆ. ಸುತ್ತ ಅಷ್ಟೊಂದು ಗದ್ದಲವಿದ್ದರೂ ಅದರ ಒಂದು ಕಿವಿ ಮಾತ್ರ ಹಿಂದಕ್ಕೆ, ತನ್ನ ಮೇಲೆ ಕುಳಿತವರ ಕಡೆಗೆ ತಿರುಗಿಕೊಂಡಿತ್ತು. ದಸರೆಗೆ ಮುಂಚೆ ಕುಶಾಲತೋಪು ಸಿಡಿಸುವ ತಾಲೀಮಿಗೆ ಆನೆಗಳ ಜೊತೆ ಕುದುರೆಗಳನ್ನೂ ಕರೆತಂದು ಸದ್ದಿಗೆ ಒಗ್ಗಿಸುತ್ತಾರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಈ ಕೆಲಸದ ಒಳಗಿನ ಲೆಕ್ಕವನ್ನು ಹೊರಗಿನವರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ನನ್ನ ಪಾಲಿಗೆ ಬರುವುದು ಬೇರೆ ಯಾರಿಗೂ ಬೇಡವಾದ ಕುದುರೆ. ಅದು ಕಚ್ಚುತ್ತದೆ, ಜಗ್ಗುತ್ತದೆ, ಇಲ್ಲವೇ ಗಾಬರಿ ಬೀಳುತ್ತದೆ. ತಿಂಗಳುಗಟ್ಟಲೆ ಅದರ ಜೊತೆ ಒದ್ದಾಡಿ ದಾರಿಗೆ ತಂದ ದಿನ ಅದು ಮಾಲೀಕರಿಗೆ ಚೆನ್ನಾಗಿ ಕಾಣತೊಡಗುತ್ತದೆ, ಮರುವಾರದಿಂದ ಅವರ ಮಗನೋ ಮಗಳೋ ಅದರ ಮೇಲಿರುತ್ತಾರೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಕುದುರೆ ಅವರದು, ಮೇವಿನ ಖರ್ಚು ಅವರದು, ನನಗೆ ಸಂಬಳ ಕೊಡುವವರೂ ಅವರೇ. ಆದರೂ ನನ್ನ ಕೆಲಸ ಕೈಗೂಡಿತು ಎಂಬುದಕ್ಕೆ ಇರುವ ಒಂದೇ ಗುರುತು ಆ ಕುದುರೆ ನನ್ನ ಕೈ ತಪ್ಪುವುದು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ಕಳೆದ ಬಾರಿ ಹಾಗೆ ಹೋದದ್ದು ಕಂದು ಬಣ್ಣದ ಒಂದು ಹೆಣ್ಣು ಕುದುರೆ. ಅದು ರೇಸಿನಿಂದ ನಿವೃತ್ತಿಯಾಗಿ ಬಂದಿತ್ತು. ರೇಸಿನ ಕುದುರೆಗೆ ಲಗಾಮು ಬಿಗಿಯಾದರೆ ಇನ್ನಷ್ಟು ಓಡು ಎಂದು ಅರ್ಥ. ನಮ್ಮಲ್ಲಿ ಅದೇ ಬಿಗಿತಕ್ಕೆ ನಿಧಾನಿಸು ಎಂದು ಅರ್ಥ. ರೇಸಿನ ಸವಾರರು ಚಿಕ್ಕ ರಿಕಾಬಿನ ಮೇಲೆ ನಿಂತಂತೆ ಬಾಗಿರುತ್ತಾರೆಯೇ ಹೊರತು ಬೆನ್ನಿನ ಮೇಲೆ ಭಾರ ಬಿಟ್ಟು ಕೂರುವುದಿಲ್ಲ, ಆದ್ದರಿಂದ ನಾನು ಜೀನಿನಲ್ಲಿ ಪೂರ್ತಿ ಕುಳಿತು ಎರಡೂ ಪಕ್ಕೆಗಳಿಗೆ ಕಾಲು ತಾಗಿಸಿದ ಕೂಡಲೇ ಅದು ಬೆನ್ನನ್ನು ತಗ್ಗಿಸಿ ಮುಂದಕ್ಕೆ ಚಿಮ್ಮುತ್ತಿತ್ತು. ಇಪ್ಪತ್ತು ಮೀಟರ್ ಅಗಲದ ಒಂದು ವೃತ್ತವನ್ನು ಸಮನಾದ ಲಯದಲ್ಲಿ, ಬಾಯಿ ಬಿಗಿಯದೆ ಸುತ್ತುವುದಕ್ಕೆ ಎಂಟು ತಿಂಗಳು ಬೇಕಾಯಿತು.

ಆ ಎಂಟು ತಿಂಗಳಲ್ಲಿ ಸವಾರಿಗಿಂತ ನೆಲದ ಮೇಲಿನ ಕೆಲಸವೇ ಹೆಚ್ಚಾಗಿತ್ತು, ಮತ್ತು ಕಲಿತದ್ದರಲ್ಲಿ ಹೆಚ್ಚಿನ ಪಾಲು ಅಲ್ಲಿಯೇ ಎಂದು ನನ್ನ ಅನಿಸಿಕೆ. ನಾಲ್ಕೂವರೆಗೆ ಎದ್ದು ಮೊದಲು ನೋಡುವುದು ರಾತ್ರಿಯ ಲದ್ದಿಯನ್ನು. ಅದು ಕಡಿಮೆಯಾಗಿದ್ದರೆ, ಅಥವಾ ಮೇವು ಹಾಗೆಯೇ ಉಳಿದಿದ್ದರೆ, ಕುದುರೆಯ ಪಕ್ಕೆಗೆ ಕಿವಿಯಿಟ್ಟು ಕರುಳಿನ ಗುಡುಗುಡು ಕೇಳುತ್ತದೆಯೇ ಎಂದು ಪರೀಕ್ಷಿಸಬೇಕು. ಅಷ್ಟು ದೊಡ್ಡ ದೇಹಕ್ಕೆ ಜಠರ ಎಂಟರಿಂದ ಹದಿನೈದು ಲೀಟರಿನಷ್ಟೇ. ತಿಂದದ್ದು ಒಗ್ಗದಿದ್ದರೆ ವಾಂತಿ ಮಾಡುವ ಶಕ್ತಿಯೂ ಕುದುರೆಗಿಲ್ಲ. ಆದ್ದರಿಂದಲೇ ಹುರುಳಿ, ಬೂಸಾಗಳನ್ನು ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡುವುದು, ಮತ್ತು ದಿನದ ಬಹುಭಾಗ ಒಣಹುಲ್ಲೋ ಕುದುರೆಮೆಂತೆಯೋ ಅದರ ಬಾಯಿಯಲ್ಲಿರುವಂತೆ ನೋಡಿಕೊಳ್ಳುವುದು. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44ರವರೆಗೆ ಇರುತ್ತದೆ. ಒಂದು ರಾತ್ರಿ ಈ ಹೆಣ್ಣು ಕುದುರೆಯದು 60 ದಾಟಿ, ಅದು ಮತ್ತೆ ಮತ್ತೆ ತನ್ನ ಹೊಟ್ಟೆಯನ್ನೇ ತಿರುಗಿ ನೋಡುತ್ತಿದ್ದಾಗ, ಪಶುವೈದ್ಯರು ಬರುವವರೆಗೆ ಎರಡು ಗಂಟೆ ಕಾಲ ಅದನ್ನು ಅಂಗಳದಲ್ಲಿ ನಡೆಸಿದ್ದೆ. ನಮ್ಮ ಲಾಯದ ಹಿರಿಯ ಸೈಸ್ ಚಾಚಾ ದಿನವೂ ಮುಂಗಾಲಿನ ಹಿಂಭಾಗದ ಸ್ನಾಯುರಜ್ಜುವನ್ನು ಅಂಗೈಯಿಂದ ಸವರಿ, ಎರಡು ಕಾಲುಗಳ ಬಿಸಿಯನ್ನು ಹೋಲಿಸಿ ನೋಡುವುದನ್ನು ನನಗೆ ಕಲಿಸಿದರು. “ಕಣ್ಣಿಗೆ ಕಾಣೋ ಹೊತ್ಗೆ ತಡ ಆಗಿರ್ತದಮ್ಮ, ಕೈಗೆ ಮೊದ್ಲೇ ಗೊತ್ತಾಗ್ಬೇಕು” ಎನ್ನುತ್ತಾರೆ. ಜೀನಿನ ಮೇಲೆ ಕುಳಿತಾಗ ಎಡಗಾಲು ಅರೆಕ್ಷಣ ತಡವಾಗಿ ಬೀಳುತ್ತಿದೆ ಎಂದು ನನಗೆ ಗೊತ್ತಾಗುವುದು ಆ ಅಂಗೈಯ ಪಾಠದಿಂದಲೇ. ಸವಾರಿ ಶಾಲೆಗಳಲ್ಲಿ ಅದನ್ನು ಯಾಕೆ ಮೊದಲು ಕಲಿಸುವುದಿಲ್ಲವೋ ನನಗೆ ಅರ್ಥವಾಗಿಲ್ಲ.

ಆ ಕುದುರೆಯನ್ನು ಮಾಲೀಕರ ಮಗಳು ಬೆಂಗಳೂರಿನ ಒಂದು ಡ್ರೆಸಾಜ್ ಸ್ಪರ್ಧೆಗೆ ಕರೆದೊಯ್ದಾಗ ನಾನು ಜೊತೆಯಲ್ಲಿ ಹೋಗಿದ್ದೆ. ಅಂತರರಾಷ್ಟ್ರೀಯ ಡ್ರೆಸಾಜ್ ನಿಯಮದ ಪ್ರಕಾರ ಕುದುರೆ ಸ್ಪರ್ಧೆಯ ಆವರಣಕ್ಕೆ ಬಂದ ಮೇಲೆ ಸ್ಪರ್ಧಿಯ ಹೊರತು ಬೇರೆ ಯಾರೂ ಅದರ ಮೇಲೆ ಕುಳಿತು ತರಬೇತಿ ಕೊಡುವಂತಿಲ್ಲ. ಗ್ರೂಮ್ ಮೇಲೆ ಕೂರಬಹುದು, ಆದರೆ ಲಗಾಮನ್ನು ಉದ್ದಕ್ಕೆ ಬಿಟ್ಟು ನಡೆಸುವುದಕ್ಕೆ ಮಾತ್ರ. ಅಲ್ಲಿಯೂ ಅದೇ ನಿಯಮವಿತ್ತು. ಹಾಗಾಗಿ ಎರಡು ದಿನ ಬೆಳಿಗ್ಗೆ ಸಂಜೆ ಲಗಾಮು ಸಡಿಲಿಸಿ, ಏನನ್ನೂ ಕೇಳದೆ, ಅದನ್ನು ನಡೆಸುತ್ತ ಕುಳಿತೆ. ಡ್ರೆಸಾಜ್‌ನಲ್ಲಿ ಪ್ರತಿ ಚಲನೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕವಿರುತ್ತದೆ. ಹುಡುಗಿಗೆ ಬಂದ ಅಂಕಪಟ್ಟಿಯಲ್ಲಿ ಬಹುತೇಕ ಆರು, ಆರೂವರೆ ಇದ್ದವು. ಉದ್ದ ಲಗಾಮಿನ ನಡಿಗೆಗೆ ಮಾತ್ರ ಏಳೂವರೆ. ಅವಳು ಖುಷಿಯಿಂದ ಅದನ್ನು ತೋರಿಸಿದಾಗ ನಾನೂ ಖುಷಿಪಟ್ಟೆ, ಮತ್ತು ಲಾರಿಯಲ್ಲಿ ಹಿಂತಿರುಗುವಾಗ ಮದ್ದೂರಿನವರೆಗೂ ಯಾರೊಂದಿಗೂ ಮಾತಾಡಲಿಲ್ಲ.

ನನ್ನ ಸ್ವಂತ ಸ್ಪರ್ಧೆಯ ಕಥೆ ಇದಕ್ಕಿಂತ ಚಿಕ್ಕದು. ಹೋದ ಚಳಿಗಾಲದಲ್ಲಿ, ಲಾಯದ ಮುದಿ ಕುದುರೆಯೊಂದನ್ನು ಎರವಲು ಪಡೆದು, 80 ಸೆಂಟಿಮೀಟರ್ ಎತ್ತರದ ಜಿಗಿತದ ವಿಭಾಗಕ್ಕೆ ಹೆಸರು ಕೊಟ್ಟಿದ್ದೆ. ಅದೇ ಬೆಳಿಗ್ಗೆ ಬೇರೆಯವರ ನಾಲ್ಕು ಕುದುರೆಗಳನ್ನು ಸಿದ್ಧಪಡಿಸುವ ಹೊಣೆಯೂ ನನ್ನದೇ ಆಗಿತ್ತು. ಜಿಗಿತದಲ್ಲಿ ಸ್ಪರ್ಧೆಗೆ ಮೊದಲು ಅಂಕಣವನ್ನು ಕಾಲ್ನಡಿಗೆಯಲ್ಲಿ ಅಳೆಯಬೇಕು. ಕುದುರೆಯ ಒಂದು ನೆಗೆತದ ಹೆಜ್ಜೆ ಸುಮಾರು 3.6 ಮೀಟರ್, ಅಂದರೆ ನಮ್ಮ ನಾಲ್ಕು ದಾಪುಗಾಲು. ಇಳಿಯುವುದಕ್ಕೆ ಎರಡು, ಮೇಲೇಳುವುದಕ್ಕೆ ಎರಡು ದಾಪುಗಾಲು ಕಳೆದು ಉಳಿದದ್ದನ್ನು ನಾಲ್ಕರಿಂದ ಭಾಗಿಸಿದರೆ ಎರಡು ತಡೆಗಳ ನಡುವೆ ಎಷ್ಟು ಹೆಜ್ಜೆ ಎಂಬುದು ಸಿಗುತ್ತದೆ. ಅಪ್ಪ ಗದ್ದೆಯ ಬದುವನ್ನು ಅಳೆಯುವಂತೆ ನಾನು ಎಣಿಸುತ್ತ ಐದನೆಯ ತಡೆಯನ್ನು ದಾಟಿದ್ದೆ, ಅಷ್ಟರಲ್ಲಿ ಫೋನು ಬಂತು: ಯಾರದೋ ಮಗನ ಬೂಟು ಕಾಣುತ್ತಿಲ್ಲ. ಬೂಟು ಎಲ್ಲಿದೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಎಣಿಕೆ ಕೈತಪ್ಪಿತ್ತು, ಅಂಕಣ ಮುಚ್ಚುವ ಗಂಟೆಯೂ ಆಗಿತ್ತು. ಇಪ್ಪತ್ತು ದಾಪುಗಾಲಿನ, ಅಂದರೆ ನಾಲ್ಕು ಹೆಜ್ಜೆಯ ಅಂತರದಲ್ಲಿ ನಾನು ಐದಕ್ಕೆ ಲಗಾಮು ಹಿಡಿದೆ. ಪಾಪ, ಆ ಮುದಿ ಕುದುರೆ ತಡೆಯ ಬುಡಕ್ಕೇ ಬಂದು ನಿಂತು, ಹೇಗೋ ಮೈಯನ್ನು ಮೇಲಕ್ಕೆತ್ತಿತು. ಹಿಂಗಾಲು ತಾಗಿ ಕಂಬ ಬಿತ್ತು. ಒಂದು ಕಂಬಕ್ಕೆ ನಾಲ್ಕು ತಪ್ಪಂಕ. ಉಳಿದ ತಡೆಗಳೆಲ್ಲ ಶುದ್ಧವಾಗಿದ್ದವು ಎಂಬುದನ್ನು ಅವ್ವನಿಗೆ ಹೇಳಿದಾಗ, ಬಿದ್ದ ಕಂಬದಿಂದ ಕುದುರೆಗೆ ಪೆಟ್ಟಾಯಿತೇ ಎಂದಷ್ಟೇ ಕೇಳಿದಳು.

ಲಾಯದವರಿಗೆ ಸ್ಪರ್ಧೆಯೇಕೆ ಎಂದು ಒಬ್ಬರು ನನ್ನ ಎದುರಿಗೇ ಹೇಳಿದ್ದುಂಟು. ಅದು ಹೊಸ ಮಾತೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಡ್ರೆಸಾಜ್ ತಂಡ ಚಿನ್ನ ಗೆದ್ದಿತ್ತು. ಆಗ ಸೇನೆಯಿಂದ ಅಧಿಕಾರಿಗಳಿಗೆ ಮಾತ್ರ ಪ್ರವೇಶವಿದ್ದುದರಿಂದ, ತಂಡದ ಗೆಹ್ನಾಲ್ ಪರ್ಸನ್ ಎಂಬ ಸಾರ್ಜೆಂಟ್‌ನನ್ನು ಸ್ಪರ್ಧೆಯ ಮಟ್ಟಿಗೆ ಲೆಫ್ಟಿನೆಂಟ್ ಮಾಡಿ, ಮುಗಿದ ಮೇಲೆ ಮತ್ತೆ ಕೆಳದರ್ಜೆಗೆ ಇಳಿಸಿದ್ದು ಬಯಲಾಗಿ ಇಡೀ ತಂಡದ ಪದಕವನ್ನೇ ಕಿತ್ತುಕೊಂಡರು. ನಿಯಮ ಬದಲಾದ ಮೇಲೆ, 1952ರಲ್ಲಿಯೂ 1956ರಲ್ಲಿಯೂ ಅದೇ ಪರ್ಸನ್ ತಂಡದೊಂದಿಗೆ ಚಿನ್ನ ಗೆದ್ದ. ಡ್ರೆಸಾಜ್‌ನಲ್ಲಿ ಹೆಂಗಸರಿಗೆ ಒಲಿಂಪಿಕ್ಸ್ ಬಾಗಿಲು ತೆರೆದದ್ದೂ 1952ರಲ್ಲೇ. ಇಂದು ಈ ಕ್ರೀಡೆಯಲ್ಲಿ ಗಂಡಸರು, ಹೆಂಗಸರು ಒಂದೇ ವಿಭಾಗದಲ್ಲಿ ಸ್ಪರ್ಧಿಸುತ್ತಾರೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಡ್ರೆಸಾಜ್, ಬಯಲಿನ ಓಟ, ಜಿಗಿತ ಮೂರೂ ಸೇರಿದ ಈವೆಂಟಿಂಗ್ ಎಂಬ ಸ್ಪರ್ಧೆಯಲ್ಲಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸ್‌ನಲ್ಲಿ 23ನೆಯವರಾದಾಗ ನಮ್ಮ ಲಾಯದಲ್ಲಿ ಎಲ್ಲರೂ ಒಂದೇ ಫೋನಿನ ಸುತ್ತ ನಿಂತು ನೋಡಿದ್ದೆವು. ಚಾಚಾ ಮಾತ್ರ ಸವಾರರನ್ನು ನೋಡದೆ, ಓಟ ಮುಗಿದ ಕೂಡಲೇ ಕುದುರೆಯ ಮೈಗೆ ತಣ್ಣೀರು ಸುರಿಯುತ್ತಿದ್ದವರ ಕೈಚಳಕವನ್ನೇ ನೋಡುತ್ತಿದ್ದರು.

ಈ ವರ್ಷ ನನ್ನ ಗುರಿ ಒಂದು ಮೀಟರ್ ಎತ್ತರದ ವಿಭಾಗ. ಪ್ರವೇಶ ಶುಲ್ಕ ಮತ್ತು ಕುದುರೆ ಸಾಗಣೆಯ ಪಾಲಿಗೆ ಚೀಟಿ ಹಾಕಿದ್ದೇನೆ, ಸ್ಪರ್ಧೆಯ ದಿನ ಮಧ್ಯಾಹ್ನದವರೆಗೆ ಬೇರೆಯವರ ಕುದುರೆ ಹಿಡಿಯುವುದಿಲ್ಲವೆಂದು ಮೊದಲೇ ಹೇಳಿ ಒಪ್ಪಿಸಿಕೊಂಡಿದ್ದೇನೆ, ಅಂಕಣ ಅಳೆಯುವಾಗ ಫೋನನ್ನು ಚಾಚಾ ಕೈಗೆ ಕೊಡುವುದೆಂದೂ ತೀರ್ಮಾನವಾಗಿದೆ. ಕುದುರೆ ಯಾವುದೆಂಬುದು ಇನ್ನೂ ಗೊತ್ತಾಗಿಲ್ಲ. ಹೋದ ವಾರ ರೇಸಿನಿಂದ ಬಂದ ಇನ್ನೊಂದು ಗಂಡು ಕುದುರೆ ಲಾಯ ಸೇರಿದೆ. ಬಾಗಿಲು ತೆಗೆದರೆ ಮೂಲೆಗೆ ತಿರುಗಿ ಹಿಂಭಾಗ ತೋರಿಸುತ್ತದೆ, ಬಲ ಮುಂಗಾಲಿನ ಗೊರಸಿನಲ್ಲಿ ಬಿರುಕಿದೆ. ಲಾಳ ಕಟ್ಟುವವರು ಮಂಗಳವಾರ ಬರುತ್ತಾರೆ. ಅಷ್ಟರೊಳಗೆ ಕಾಲನ್ನು ಎತ್ತಿ ಕೊಡುವಷ್ಟಾದರೂ ಅದಕ್ಕೆ ನನ್ನ ಮೇಲೆ ನಂಬಿಕೆ ಹುಟ್ಟಬೇಕಾದ್ದರಿಂದ, ದಿನಕ್ಕೆ ಅರ್ಧ ಗಂಟೆ ಅದರ ಲಾಯದೊಳಗೆ ಬಕೆಟ್ ಬೋರಲು ಹಾಕಿ ಸುಮ್ಮನೆ ಕುಳಿತಿರುತ್ತೇನೆ. ನಿನ್ನೆ ಒಂದು ಕಿವಿಯನ್ನು ನನ್ನ ಕಡೆಗೆ ತಿರುಗಿಸಿತು.