ಡಿಲೀಟ್ ಒತ್ತುವ ಮೊದಲು

ಮಂಗಳೂರು, ಸೆಪ್ಟೆಂಬರ್ 6, 2025, ಶನಿವಾರ

ಒಪ್ಪಿ ಸೇರಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿ ಇವತ್ತಿಗೆ ಏಳು ವರ್ಷ. ಕಳೆದ ವರ್ಷ ಜುಲೈ 1ಕ್ಕೆ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ (ಬಿಎನ್‌ಎಸ್) ಅದನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 377ರಂಥ ಕಲಮೇ ಇಲ್ಲ. ಆದರೂ ಮಂಗಳೂರು, ಮಣಿಪಾಲದ ಹುಡುಗರ ಫೋನಿಗೆ ಬರುವ ಬೆದರಿಕೆ ಬದಲಾಗಿಲ್ಲ: ದುಡ್ಡು ಹಾಕು, ಇಲ್ಲಾಂದ್ರೆ 377 ಕೇಸು, ಇಲ್ಲಾಂದ್ರೆ ಈ ಚಾಟು ನಿನ್ನ ಅಕ್ಕನಿಗೆ. ಕೇಸಿನ ಮಾತು ಪೊಳ್ಳು. ಅಕ್ಕನ ಮಾತು ಪೊಳ್ಳಲ್ಲ. ಫಾಲೋವರ್ಸ್ ಪಟ್ಟಿಯಲ್ಲಿ ಅವಳ ಹೆಸರಿರುವ ಸ್ಕ್ರೀನ್‌ಶಾಟನ್ನೂ ಜೊತೆಗೆ ಕಳಿಸಿರುತ್ತಾರೆ.

ಹೆದರಿದವರು ಮೊದಲು ಬ್ಲಾಕ್ ಮಾಡುತ್ತಾರೆ, ಆಮೇಲೆ ಡಿಲೀಟ್. ಅಲ್ಲಿಗೆ ಅರ್ಧ ಸಾಕ್ಷಿ ಹೋಯಿತು. ಸಲಿಂಗಿಗಳ ಡೇಟಿಂಗ್ ಆ್ಯಪ್ ಗ್ರೈಂಡರ್‌ನಲ್ಲಿ ಬ್ಲಾಕ್ ಒತ್ತಿದರೆ ಚಾಟೇ ಕಾಣುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ರಿಪೋರ್ಟ್ ಮಾಡುವಾಗ ಚಾಟ್ ಅಳಿಸುವ ಆಯ್ಕೆಯೂ ಪಕ್ಕದಲ್ಲೇ ಇರುತ್ತದೆ. ಹಾಗಾಗಿ ಮೊದಲು ಸ್ಕ್ರೀನ್ ರೆಕಾರ್ಡಿಂಗ್ ಹಾಕಿ, ಆ ವ್ಯಕ್ತಿಯ ಪ್ರೊಫೈಲಿನಿಂದ ಶುರುಮಾಡಿ, ಚಾಟನ್ನು ಮೇಲಿನಿಂದ ಕೆಳಗೆ ನಿಧಾನಕ್ಕೆ ಸರಿಸಿ. ದಿನಾಂಕ, ಸಮಯ ಕಾಣಬೇಕು. ಯೂಸರ್‌ನೇಮ್ ಬದಲಾಯಿಸಿದರೆ ಇನ್‌ಸ್ಟಾಗ್ರಾಂ ಪ್ರೊಫೈಲಿನ ಲಿಂಕೂ ಬದಲಾಗುತ್ತದೆ, ಆದ್ದರಿಂದ ಪೋಸ್ಟಿನ ಲಿಂಕನ್ನು ಬೇರೆಯಾಗಿ ಬರೆದಿಡಿ. ಒಮ್ಮೆ ಮಾತ್ರ ತೆರೆಯುವ ಫೋಟೊಗೆ ಸ್ಕ್ರೀನ್‌ಶಾಟ್ ಬರುವುದಿಲ್ಲ. ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಮೂಲ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ: ಡಿಜಿಟಲ್ ಸಾಕ್ಷ್ಯದ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದು ಯಾವ ಫೋನಿನದು ಎಂದು ತಿಳಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು.

ಇಷ್ಟಾದ ಮೇಲೆ ಆ ವ್ಯಕ್ತಿಯನ್ನು ಫಾಲೋವರ್ಸ್‌ನಿಂದ ತೆಗೆಯುವುದು, ಫೇಸ್‌ಬುಕ್ಕಿನ ಸ್ನೇಹಿತರ ಪಟ್ಟಿಯನ್ನು ಮುಚ್ಚುವುದು, ಬ್ಲಾಕ್. ದುಡ್ಡು ಕೊಡಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ, ಹೆಚ್ಚು ಕೇಳುತ್ತಾರೆ. ಈಗಾಗಲೇ ಕೊಟ್ಟಿದ್ದರೆ ಯುಪಿಐ ವಹಿವಾಟಿನ 12 ಅಂಕಿಯ ನಂಬರ್ ಹಿಡಿದುಕೊಂಡು ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಆ ಖಾತೆಯಿಂದ ದಾಟಿದಷ್ಟೂ ಹಿಡಿಯುವುದು ಕಷ್ಟ.

ದೂರು ಬರೆಯುವಾಗ ನೀವು ಯಾರನ್ನು ಪ್ರೀತಿಸುತ್ತೀರಿ ಎಂದು ಬರೆಯಬೇಕಾಗಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಅವಮಾನವಾಯಿತು ಎಂದಷ್ಟೇ ಬರೆದ ದೂರು ಮುಂದಕ್ಕೆ ಹೋಗುವುದಿಲ್ಲ. ಯಾವ ದಿನ, ಯಾವ ನಂಬರಿನಿಂದ, ಎಷ್ಟು ಕೇಳಿದರು, ಏನು ಮಾಡುತ್ತೇವೆಂದರು, ಅಷ್ಟು ಬರೆಯಿರಿ. ಬೆದರಿಸಿ ಹಣ ಕಿತ್ತರೆ ಬಿಎನ್‌ಎಸ್ 308, ಬರೀ ಬೆದರಿಕೆಗೆ 351. ಲೈಂಗಿಕ ಚಿತ್ರ ಹಾಕಿದ್ದರೆ ಐಟಿ ಕಾಯ್ದೆಯ 67ಎ. ಬಟ್ಟೆ ಹಾಕಿದ ಫೋಟೊ ಮತ್ತು ಹೆಸರಷ್ಟೇ ಇದ್ದರೆ ಅದು ಬೀಳುವುದಿಲ್ಲ. ಊರಿನ ಠಾಣೆಯಲ್ಲಿ ಅಪ್ಪನ ಪರಿಚಯದವರು ಇದ್ದೇ ಇರುತ್ತಾರೆ ಎಂಬ ಹೆದರಿಕೆ ಇಲ್ಲಿ ಸುಳ್ಳಲ್ಲ. ಘಟನೆ ಎಲ್ಲೇ ನಡೆದಿರಲಿ, ಜೀರೊ ಎಫ್‌ಐಆರ್ ಯಾವ ಠಾಣೆಯಲ್ಲೂ ಆಗುತ್ತದೆ. ಮಂಗಳೂರಿನಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಠಾಣೆ ಉಂಟು. ಮಾತಿನಲ್ಲೇ ಸಮಾಧಾನ ಹೇಳಿ ಕಳಿಸಿದರೆ ಬರಬೇಡಿ, ಬರವಣಿಗೆಯಲ್ಲಿ ಉತ್ತರ, ಅಂದರೆ ಹಿಂಬರಹ ಕೇಳಿ.

ನಗ್ನ ಚಿತ್ರ ಹರಡುವ ಭಯವಿದ್ದರೆ ಸ್ಟಾಪ್‌ಎನ್‌ಸಿಐಐ ತಾಣವನ್ನು ಬಳಸಿ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದನ್ನು ಗುರುತಿಸುವ ಬೆರಳಚ್ಚಿನಂಥ ಸಂಕೇತ (ಹ್ಯಾಶ್) ಮಾತ್ರ ಹೋಗುತ್ತದೆ.

ಕಮೆಂಟುಗಳದ್ದು ಬೇರೆ ಗೋಳು. ಸಲಿಂಗಿಗಳನ್ನು ಮಾನಸಿಕ ರೋಗಿಗಳು ಎನ್ನುವುದಕ್ಕೆ ಮೆಟಾ ಈ ಜನವರಿಯಲ್ಲಿ ತನ್ನ ನಿಯಮದಲ್ಲೇ ಜಾಗ ಮಾಡಿಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ರೋಗಪಟ್ಟಿಯಿಂದ ತೆಗೆದದ್ದು 1990ರಲ್ಲಿ! ಹಾಗಾಗಿ ಅಂಥ ಕಮೆಂಟನ್ನು ದ್ವೇಷ ಎಂದು ರಿಪೋರ್ಟ್ ಮಾಡಿದರೆ ಉಳಿದುಬಿಡಬಹುದು. ವ್ಯಕ್ತಿಗೆ ನೇರವಾಗಿ ಹೇಳಿದ್ದಾದರೆ ಕಿರುಕುಳ ಎಂದು, ಬೈಸಿಕೊಂಡವರೇ ರಿಪೋರ್ಟ್ ಮಾಡಿ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ ತುಳು ಬೈಗುಳ, ಬರೀ 9 ಎಂಬ ಅಂಕಿ, ಇವು ಫಿಲ್ಟರಿಗೆ ಸಿಗುವುದು ಅಪರೂಪ. ಬೇಡದ ಪದವಿರುವ ಕಮೆಂಟನ್ನು ಮರೆಮಾಡುವ ಇನ್‌ಸ್ಟಾಗ್ರಾಂನ ಹಿಡನ್ ವರ್ಡ್ಸ್‌ಗೆ ಅವನ್ನು ಎಲ್ಲ ರೂಪದಲ್ಲೂ ನೀವೇ ಸೇರಿಸಿ. ಯಾರೋ ಒಬ್ಬ ಹುಡುಗನನ್ನು ಹೀಯಾಳಿಸಿ ಪೋಸ್ಟ್ ಹಾಕಿದರೆ, ಸ್ನೇಹಿತರು ಖಂಡಿಸಲಿಕ್ಕೆಂದು ಆ ಪೋಸ್ಟನ್ನೇ ಸ್ಟೇಟಸ್ಸಿಗೆ ಹಾಕುವುದು ಬೇಡ, ಅದರಲ್ಲಿ ಆ ಹುಡುಗನ ಮುಖ ಉಂಟು.

ಮನೆಗೆ ಗೊತ್ತಾದ ಮೇಲೆ ಕೆಲವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ಕೆಲವರು ಸರಿಮಾಡಿಸಲು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ. ಸರಿಮಾಡಲು ಅಲ್ಲಿ ಏನೂ ಇಲ್ಲ. ಹಾಗೆ ಬದಲಾಯಿಸುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಮಾತಾಡಲು ಯಾರಾದರೂ ಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದಲಾಯಿಸುತ್ತೇನೆಂದ ಡಾಕ್ಟರ ಚೀಟಿ, ಮಾತ್ರೆಯ ಬಿಲ್ಲು ಎತ್ತಿಡಿ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡುವಾಗ ಅವು ಬೇಕು.